ಆಸ್ಪತ್ರೆಯ ಸಾಲಿನಲ್ಲಿ ಪೋಲಾಗುವ ದುಡಿಮೆ

ಕಡಿದ ಕಬ್ಬು ಕಾಯುವುದಿಲ್ಲವೆಂಬುದು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಜನರಿಗೆ ಹೊಸದಾಗಿ ಹೇಳಿಕೊಡಬೇಕಾದ ಪಾಠವಲ್ಲ. ಗದ್ದೆಯಿಂದ ಹೊರಟ ಕಬ್ಬು ಸುಮಾರು ಒಂದು ದಿನದೊಳಗೆ ಅರೆಯದೆ ಹೋದರೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಸಾಲುಗಟ್ಟಿ ನಿಂತ ಗಾಡಿ, ಟ್ರ್ಯಾಕ್ಟರುಗಳನ್ನು ಕಂಡರೆ ರೈತನ ಹೊಟ್ಟೆ ಉರಿಯುವುದು ಇದೇ ಕಾರಣಕ್ಕೆ. ನಮ್ಮ ಆಲೆಮನೆಗಳಲ್ಲಿಯೂ ಇದೇ ಲೆಕ್ಕಾಚಾರ. ಗಾಣ ಮುಂದಾದರೆ ಹಾಲು ಹುಳಿಯುತ್ತದೆ. ಗಾಣ ಹಿಂದಾದರೆ ಕೊಪ್ಪರಿಗೆಯ ಕೆಳಗೆ ಬೆಂಕಿ ವ್ಯರ್ಥವಾಗಿ ಉರಿಯುತ್ತದೆ. ಗಾಣ, ಕೊಪ್ಪರಿಗೆ, ಅಚ್ಚು ಇವು ಮೂರೂ ಒಂದೇ ಓಟದಲ್ಲಿ ಸಾಗುವಂತೆ ನೋಡಿಕೊಳ್ಳುವವನೇ ಒಳ್ಳೆಯ ಆಲೆಮನೆಯ ಯಜಮಾನ. ಅವನು ಯಾವ ನಿರ್ವಹಣಾ ಶಾಸ್ತ್ರವನ್ನೂ ಓದಿದವನಲ್ಲ.

ಈ ಜಾಣ್ಮೆಗೆ ಇಂದು ಜಗತ್ತಿನಲ್ಲಿ ಲೀನ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿದೆ. ಅದನ್ನು ನಮ್ಮ ಕಾರ್ಖಾನೆ, ಗಿರಣಿ, ಅಂಗಡಿಗಳಿಗೆ ಅನ್ವಯಿಸುವ ಬಗೆಗೆ ಸಾಕಷ್ಟು ಮಾತನಾಡಿದ್ದೇವೆ. ಈ ಲೇಖನದ ಉದ್ದೇಶ ಬೇರೆ. ನಮ್ಮ ದುಡಿಮೆಗಾರರೂ ಗ್ರಾಹಕರೂ ನಾವೂ ಅನಿವಾರ್ಯವಾಗಿ ಹೋಗಬೇಕಾದ ಆಸ್ಪತ್ರೆಗಳಿಗೆ ಈ ಕ್ರಮವನ್ನು ತರುವುದರಲ್ಲಿ ವರ್ತಕ ಸಮುದಾಯಕ್ಕೆ ಒಂದು ಪಾಲಿದೆ, ಅದನ್ನು ನಾವು ಇನ್ನೂ ವಹಿಸಿಕೊಂಡಿಲ್ಲ ಎಂಬುದನ್ನು ಇಲ್ಲಿ ಹೇಳಬಯಸುತ್ತೇನೆ.

ಮೊದಲು ಈ ಪದ್ಧತಿಯ ಮೂಲವನ್ನು ಸಂಕ್ಷೇಪವಾಗಿ ನೋಡಬಹುದು. ಎರಡನೆಯ ಮಹಾಯುದ್ಧದ ನಂತರ ಬಂಡವಾಳವೂ ಕಚ್ಚಾವಸ್ತುವೂ ಇಲ್ಲದೆ ಬಳಲಿದ್ದ ಜಪಾನಿನಲ್ಲಿ ಟೊಯೋಟಾ ಸಂಸ್ಥೆಯ ತೈಚಿ ಓನೊ ಎಂಬ ಎಂಜಿನಿಯರರು ಉತ್ಪಾದನೆಯಲ್ಲಿ ಏಳು ಬಗೆಯ ಪೋಲುಗಳನ್ನು ಗುರುತಿಸಿದರು. ಕಾಯುವಿಕೆ, ಅನಾವಶ್ಯಕ ಓಡಾಟ, ಅತಿಯಾದ ದಾಸ್ತಾನು, ದೋಷಯುಕ್ತ ಕೆಲಸ ಮುಂತಾದವು ಅವುಗಳಲ್ಲಿ ಸೇರಿವೆ. ‘ಲೀನ್’ ಎಂಬ ಹೆಸರು ಬಂದದ್ದು ಬಹಳ ತಡವಾಗಿ. 1988ರಲ್ಲಿ ಜಾನ್ ಕ್ರಾಫ್ಚಿಕ್ ಎಂಬ ಸಂಶೋಧಕರು ತಮ್ಮ ಲೇಖನವೊಂದರಲ್ಲಿ ಈ ಪದವನ್ನು ಬಳಸಿದರು. 1990ರಲ್ಲಿ ಅಮೆರಿಕದ ವಿದ್ವಾಂಸರ ಗ್ರಂಥವೊಂದು ಅದನ್ನು ಎಲ್ಲೆಡೆ ಹರಡಿತು. ನಮಗೇನೂ ಇದು ದೂರದ ಸುದ್ದಿಯಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಬಿಡದಿಯಲ್ಲಿ 1999ರ ಕೊನೆಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಉತ್ಪಾದನೆಯನ್ನು ಆರಂಭಿಸಿದಾಗಲೇ ಈ ಪದ್ಧತಿ ನಮ್ಮ ನೆರೆಯ ಊರಿಗೆ ಬಂದಿತ್ತು. ಸಣ್ಣ ತಯಾರಿಕಾ ಘಟಕಗಳಿಗಾಗಿ ಕೇಂದ್ರ ಸರ್ಕಾರ 2009ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಲೀನ್ ಯೋಜನೆಯನ್ನು 2023ರ ಮಾರ್ಚ್‌ನಲ್ಲಿ ಹೊಸ ರೂಪದಲ್ಲಿ ತರಲಾಯಿತು. ಅದರಲ್ಲಿ ಸಲಹೆಗಾರರ ಶುಲ್ಕದ ಶೇಕಡಾ 90 ಭಾಗವನ್ನು ಸರ್ಕಾರವೇ ಭರಿಸುತ್ತದೆ. ಈ ಸೌಲಭ್ಯವನ್ನು ಇನ್ನೂ ಬಳಸಿಕೊಳ್ಳದ ಸದಸ್ಯರು ಬಳಸಿಕೊಳ್ಳಲಿ. ಮುಂದೆ ಹೇಳಲಿರುವ ಕೆಲಸಕ್ಕೂ ಆ ಅನುಭವ ಒದಗುತ್ತದೆ.

ಈಗ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಯೊಂದರ ಐವತ್ತೈದು ವರ್ಷದ ಮಹಿಳೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ಮಾತ್ರೆ ತರಬೇಕು. ಬೆಳಗಿನ ಬಸ್ಸಿಗೆ ಮಗನನ್ನು ಜೊತೆ ಮಾಡಿಕೊಂಡು ಹೊರಡುತ್ತಾಳೆ. ಚೀಟಿ ಮಾಡಿಸುವ ಸಾಲಿನಲ್ಲಿ ಮುಕ್ಕಾಲು ಗಂಟೆ. ವೈದ್ಯರ ಕೋಣೆಯ ಮುಂದೆ ಒಂದೂವರೆ ಗಂಟೆ. ವೈದ್ಯರು ನೋಡುವುದು ನಾಲ್ಕು ನಿಮಿಷ. ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ಪ್ರಯೋಗಾಲಯ ಕಟ್ಟಡದ ಇನ್ನೊಂದು ತುದಿಯಲ್ಲಿದೆ. ತಿಂಡಿಗೆ ಮೊದಲು ರಕ್ತ ಕೊಡಬೇಕಾಗಿತ್ತೆಂದು ಅಲ್ಲಿ ತಿಳಿಯುತ್ತದೆ. ಆಕೆ ಬಸ್ ನಿಲ್ದಾಣದಲ್ಲಿ ಇಡ್ಲಿ ತಿಂದಾಗಿದೆ. ಆದ್ದರಿಂದ ನಾಳೆ ಬರಬೇಕು. ನಾಳೆ ರಕ್ತ ಕೊಟ್ಟು ವರದಿ ಕೈಗೆ ಬರುವಷ್ಟರಲ್ಲಿ ಹೊರರೋಗಿ ವಿಭಾಗದ ವೇಳೆ ಮುಗಿದಿರುತ್ತದೆ. ಮೂರನೆಯ ದಿನ ಔಷಧಿ ಕೊಡುವ ಕಿಟಕಿಯಲ್ಲಿ ಮತ್ತೊಂದು ಸಾಲು. ಮೂರು ದಿನಗಳಲ್ಲಿ ಆಕೆಗೆ ನಿಜವಾಗಿ ದೊರೆತ ಚಿಕಿತ್ಸೆಯ ಅವಧಿಯನ್ನೆಲ್ಲ ಕೂಡಿಸಿದರೆ ಇಪ್ಪತ್ತು ನಿಮಿಷವಾಗಬಹುದು. ಉಳಿದದ್ದೆಲ್ಲ ಓನೊ ಅವರು ಹೇಳಿದ ಪೋಲು.

ಇದು ಸರ್ಕಾರಿ ಆಸ್ಪತ್ರೆಯ ಚಿತ್ರ ಮಾತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. ಖಾಸಗಿ ಆಸ್ಪತ್ರೆಗಳಲ್ಲಿ ಕುರ್ಚಿಗಳು ಮೆತ್ತಗಿರುತ್ತವೆ, ಫ್ಯಾನು ತಿರುಗುತ್ತಿರುತ್ತದೆ. ಕಾಯುವುದು ತಪ್ಪುವುದಿಲ್ಲ. ಇದು ವೈದ್ಯರ ಅಥವಾ ದಾದಿಯರ ಸೋಮಾರಿತನದ ಫಲವೂ ಅಲ್ಲ. ಹೊರಗೆ ರೋಗಿ ಕಾಯುತ್ತಿರುವ ಹೊತ್ತಿನಲ್ಲೇ ಒಳಗೆ ದಾದಿ ರಕ್ತದೊತ್ತಡದ ಉಪಕರಣಕ್ಕಾಗಿ ಒಂದು ವಾರ್ಡಿನಿಂದ ಇನ್ನೊಂದಕ್ಕೆ ಅಲೆಯುತ್ತಿರುತ್ತಾಳೆ. ತಿಂಡಿ ತಿನ್ನದೆ ಬರಬೇಕೆಂಬ ಒಂದು ವಾಕ್ಯವನ್ನು ಹಿಂದಿನ ತಿಂಗಳ ಚೀಟಿಯ ಮೇಲೆ ಅಚ್ಚು ಹಾಕಿಸಿದ್ದರೆ ಆ ಮಹಿಳೆಯ ಒಂದು ದಿನ ಉಳಿಯುತ್ತಿತ್ತು. ಅದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಯಂತ್ರವೂ ಬೇಡ.

ನಮ್ಮ ಓದುಗರು ಲೆಕ್ಕದ ಜನ. ಆದ್ದರಿಂದ ಒಂದು ಊಹೆಯ ಲೆಕ್ಕವನ್ನು ಮುಂದಿಡುತ್ತೇನೆ. ಒಂದು ತಾಲ್ಲೂಕಿನ ಎಲ್ಲ ಆಸ್ಪತ್ರೆಗಳಿಗೂ ಸೇರಿ ದಿನಕ್ಕೆ 300 ಹೊರರೋಗಿಗಳು ಬರುತ್ತಾರೆ, ಪ್ರತಿಯೊಬ್ಬರೂ ಅನಾವಶ್ಯಕವಾಗಿ ಮೂರು ಗಂಟೆ ಕಾಯುತ್ತಾರೆ ಎಂದಿಟ್ಟುಕೊಳ್ಳಿ. 900 ಗಂಟೆಗಳಾದವು. ದಿನಕ್ಕೆ ಎಂಟು ಗಂಟೆಯಂತೆ ಅದು 112 ಆಳುಗಳ ಒಂದು ದಿನದ ದುಡಿಮೆ. ಆಳಿಗೆ 500 ರೂಪಾಯಿಯಂತೆ ದಿನಕ್ಕೆ 56,000 ರೂಪಾಯಿ. ತಿಂಗಳಿಗೆ 25 ದಿನ ಹಿಡಿದರೆ 14 ಲಕ್ಷ. ಜೊತೆಗೆ ಬಂದವರನ್ನು ಲೆಕ್ಕಕ್ಕೆ ಹಿಡಿದರೆ ಇದು ಇಮ್ಮಡಿಯಾಗುತ್ತದೆ. ಸಂಖ್ಯೆಗಳನ್ನು ನಿಮ್ಮ ಅನುಭವಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಹಾಗೆ ಮಾಡಿದರೂ ಉಳಿಯುವ ಮೊತ್ತ ಒಂದು ಪೇಟೆಯ ವ್ಯಾಪಾರಕ್ಕೆ ಅಲ್ಪವಾದುದಲ್ಲ.

ಈ ನಷ್ಟವನ್ನು ಭರಿಸುತ್ತಿರುವವರು ಯಾರು? ಹತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಘಟಕಗಳಿಗೆ ಇ.ಎಸ್.ಐ. ರಕ್ಷಣೆ ಇದೆ. ನಮ್ಮ ಅಂಗಡಿ, ಗಿರಣಿ, ಆಲೆಮನೆ, ವರ್ಕ್‌ಶಾಪುಗಳಲ್ಲಿ ಬಹುಪಾಲು ಆ ಮಿತಿಯ ಕೆಳಗೇ ಉಳಿಯುತ್ತವೆ. ಅಲ್ಲಿನ ಕೆಲಸಗಾರನಿಗೆ ಆಸ್ಪತ್ರೆಯ ದಿನವೆಂದರೆ ಕೂಲಿ ಇಲ್ಲದ ದಿನ. ಮಾಲೀಕನಿಗೆ ಯಂತ್ರ ನಿಂತ ದಿನ. 2003ರಲ್ಲಿ ಸಹಕಾರಿ ರೈತರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆ ನಡುವೆ ನಿಂತುಹೋಗಿ 2022-23ರಲ್ಲಿ ಮತ್ತೆ ಜೀವ ತಳೆದಿದೆ. 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಇದೆ. ಇವೆಲ್ಲವೂ ಚಿಕಿತ್ಸೆಯ ಖರ್ಚನ್ನು ಹಂಚಿಕೊಳ್ಳುತ್ತವೆ. ಸಾಲಿನಲ್ಲಿ ಕಳೆದ ದಿನದ ಬೆಲೆಯನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ.

ಆಸ್ಪತ್ರೆ ಕಾರ್ಖಾನೆಯಲ್ಲ, ರೋಗಿ ಕಾರಿನ ಬಿಡಿಭಾಗವಲ್ಲ ಎಂಬ ಆಕ್ಷೇಪಣೆ ಸಹಜವಾಗಿಯೇ ಬರುತ್ತದೆ. ಅದರಲ್ಲಿ ಸತ್ಯಾಂಶವಿದೆ, ಮುಂದೆ ಅದಕ್ಕೆ ಬರುತ್ತೇನೆ. ಆದರೆ ಮಾಡಿ ತೋರಿಸಿದವರಿದ್ದಾರೆ. ಮಧುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿ ಅವರು ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ 1976ರಲ್ಲಿ 11 ಹಾಸಿಗೆಗಳೊಡನೆ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆಯಲ್ಲಿ ಶಸ್ತ್ರವೈದ್ಯರ ಎದುರಿಗೆ ಎರಡು ಮೇಜುಗಳಿರುತ್ತವೆ. ಒಂದರ ಮೇಲೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ಇನ್ನೊಂದರ ಮೇಲೆ ಮುಂದಿನ ರೋಗಿಯನ್ನು ದಾದಿಯರು ಸಿದ್ಧಪಡಿಸಿರುತ್ತಾರೆ. ವೈದ್ಯರು ತಿರುಗಿ ಕುಳಿತರೆ ಸಾಕು. ಆಲೆಮನೆಯಲ್ಲಿ ಒಂದು ಕೊಪ್ಪರಿಗೆ ಇಳಿಯುವ ಹೊತ್ತಿಗೆ ಮುಂದಿನ ಪಾಕಕ್ಕೆ ಹಾಲು ಸಿದ್ಧವಿರುವಂತೆಯೇ ಇದು. ಈ ಕ್ರಮದಿಂದಲೇ ಅಲ್ಲಿನ ಶಸ್ತ್ರಚಿಕಿತ್ಸೆಗಳಲ್ಲಿ ದೊಡ್ಡ ಪಾಲು ಉಚಿತವಾಗಿ ಅಥವಾ ಅತ್ಯಲ್ಪ ದರದಲ್ಲಿ ನಡೆಯುತ್ತಿದೆ. 1992ರಲ್ಲಿ ಕಣ್ಣಿನ ಮಸೂರಗಳ ಸ್ವಂತ ತಯಾರಿಕಾ ಘಟಕವನ್ನೂ ಅವರು ಕಟ್ಟಿಕೊಂಡರು. ನಮ್ಮ ಸಣ್ಣ ಕೈಗಾರಿಕೋದ್ಯಮಿಗಳು ಒಮ್ಮೆ ಹೋಗಿ ನೋಡಿಬರಬೇಕಾದ ಸ್ಥಳವದು.

ಇನ್ನೂ ಹತ್ತಿರದ ಉದಾಹರಣೆ ಮೈಸೂರಿನದು. ಡಾ. ದೇವಿ ಶೆಟ್ಟಿ ಅವರ ನಾರಾಯಣ ಸಂಸ್ಥೆ ಅಲ್ಲಿ ಕಟ್ಟಿದ ಆಸ್ಪತ್ರೆ ಹತ್ತೇ ತಿಂಗಳಲ್ಲಿ, ಸುಮಾರು 60 ಲಕ್ಷ ಡಾಲರ್ ವೆಚ್ಚದಲ್ಲಿ ಮುಗಿಯಿತೆಂದು 2013ರಲ್ಲಿ ವಿದೇಶಿ ಸುದ್ದಿಸಂಸ್ಥೆಗಳು ಬೆರಗಿನಿಂದ ವರದಿ ಮಾಡಿದವು. ಹವಾನಿಯಂತ್ರಣವನ್ನು ಶಸ್ತ್ರಚಿಕಿತ್ಸಾ ಕೊಠಡಿ ಮತ್ತು ತೀವ್ರ ನಿಗಾ ಘಟಕಕ್ಕೆ ಮಾತ್ರ ಅಳವಡಿಸಿ ಉಳಿದೆಡೆ ಗಾಳಿ ಬೆಳಕಿಗೆ ದಾರಿ ಬಿಟ್ಟರು. ರೋಗಿಯ ಮನೆಯವರಿಗೆ ಶುಶ್ರೂಷೆಯ ಸಣ್ಣಪುಟ್ಟ ಕೆಲಸಗಳನ್ನು ಕಲಿಸಿದರು. ರೋಗಿಗೆ ಪ್ರಯೋಜನವಿಲ್ಲದ ಖರ್ಚು ಯಾವುದೆಂಬ ಪ್ರಶ್ನೆಯನ್ನು ನಕ್ಷೆ ಬರೆಯುವಾಗಲೇ ಕೇಳಿಕೊಂಡದ್ದು ಇಲ್ಲಿ ಗಮನಾರ್ಹ.

ಆದರೆ ಪೋಲು ತಪ್ಪಿಸುವುದೆಂದರೆ ಹಣ ಉಳಿಸುವುದು ಮಾತ್ರವಲ್ಲ. ಅಮೆರಿಕದ ಸಿಯಾಟಲ್ ನಗರದ ವರ್ಜೀನಿಯಾ ಮೇಸನ್ ಆಸ್ಪತ್ರೆಯ ಮುಖ್ಯಸ್ಥರು 2002ರಲ್ಲಿ ತಂಡವಾಗಿ ಜಪಾನಿಗೆ ಹೋಗಿ ಟೊಯೋಟಾ ಪದ್ಧತಿಯನ್ನು ಅಭ್ಯಾಸ ಮಾಡಿ ಬಂದರು. ಕಾರ್ಖಾನೆಯಲ್ಲಿ ದೋಷ ಕಂಡ ಯಾವ ಕೆಲಸಗಾರನಾದರೂ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದಾದಂತೆ, ಆಸ್ಪತ್ರೆಯಲ್ಲಿಯೂ ಅಪಾಯ ಕಂಡ ಯಾರೇ ಆದರೂ ಕೆಲಸ ನಿಲ್ಲಿಸುವ ಅಧಿಕಾರವನ್ನು ಕೊಟ್ಟರು. ಹೀಗಿದ್ದೂ 2004ರಲ್ಲಿ ಅಲ್ಲಿ ಒಂದು ದುರಂತ ನಡೆಯಿತು. ಚಿಕಿತ್ಸೆಯ ಸಮಯದಲ್ಲಿ ಹೆಸರಿನ ಚೀಟಿ ಅಂಟಿಸದ ಪಾತ್ರೆಗಳಲ್ಲಿದ್ದ ಬಣ್ಣವಿಲ್ಲದ ದ್ರವಗಳು ಅದಲುಬದಲಾಗಿ, ಚುಚ್ಚಬೇಕಾದ ದ್ರವದ ಬದಲು ಚರ್ಮ ಶುದ್ಧಿಗೆ ಬಳಸುವ ನಂಜುನಿವಾರಕವನ್ನು ಚುಚ್ಚಿದ್ದರಿಂದ ಮಹಿಳೆಯೊಬ್ಬರು ಮೃತಪಟ್ಟರು. ಆಸ್ಪತ್ರೆ ಇದನ್ನು ಮುಚ್ಚಿಡಲಿಲ್ಲ. ಸಾರ್ವಜನಿಕವಾಗಿ ಒಪ್ಪಿಕೊಂಡು, ರೋಗಿಯ ಸುರಕ್ಷತೆಯನ್ನೇ ತನ್ನ ಸುಧಾರಣೆಯ ಮೊದಲ ಗುರಿಯನ್ನಾಗಿ ಮಾಡಿಕೊಂಡಿತು. ನಾಗಮಂಗಲದ ಎರಕದ ಕೆಲಸದವರಿಗೆ ಅಚ್ಚು ತಪ್ಪಿದರೆ ಹಿತ್ತಾಳೆಯನ್ನು ಮತ್ತೆ ಕರಗಿಸುವ ಅವಕಾಶವಿದೆ. ವೈದ್ಯರಿಗೆ ಆ ಅವಕಾಶವಿಲ್ಲ. ನೂರು ಡಬ್ಬಿಗಳಿಗೆ ಚೀಟಿ ಅಂಟಿಸುವ ಬೇಸರದ ಕೆಲಸದ ಬೆಲೆ ಇಲ್ಲಿ ತಿಳಿಯುತ್ತದೆ.

ಈಗ ಆಕ್ಷೇಪಣೆಯ ಸತ್ಯಾಂಶಕ್ಕೆ ಬರೋಣ. ಲೀನ್ ಎಂಬ ಪದವನ್ನು ಕೇಳಿದೊಡನೆ ನಮ್ಮಲ್ಲಿ ಹಲವರಿಗೆ ಹೊಳೆಯುವುದು ಕಡಿತ: ಆಳು ಕಡಿಮೆ ಮಾಡು, ದಾಸ್ತಾನು ಕಡಿಮೆ ಮಾಡು. ವ್ಯಾಪಾರದಲ್ಲಿ ದಾಸ್ತಾನು ಹೆಚ್ಚಾದರೆ ಬಡ್ಡಿ ತಿನ್ನುತ್ತದೆ, ನಿಜ. ಆದರೆ ಆಸ್ಪತ್ರೆಯ ಎಲ್ಲ ದಾಸ್ತಾನೂ ಒಂದೇ ಬಗೆಯದಲ್ಲ. 2021ರ ಮೇ 2ರ ರಾತ್ರಿಯಿಂದ ಮರುದಿನ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಮೃತಪಟ್ಟ ಸುದ್ದಿಯನ್ನು ಈ ಭಾಗದ ಯಾರೂ ಮರೆತಿರಲಾರರು. ಬೇರೆ ಊರಿನಿಂದ ಸಿಲಿಂಡರು ಬರುವುದನ್ನು ನಂಬಿಕೊಂಡ ಆಸ್ಪತ್ರೆಗೆ ಅದು ಕೆಲವೇ ಗಂಟೆ ತಡವಾದರೂ ಏನಾಗಬಹುದೆಂಬುದನ್ನು ಆ ರಾತ್ರಿ ತೋರಿಸಿತು. ನಮ್ಮ ಗದ್ದೆ, ಕಬ್ಬಿನ ತೋಟಗಳ ಸೀಮೆಯಲ್ಲಿ ಹಾವಿನ ವಿಷಕ್ಕೆ ಕೊಡುವ ಮದ್ದನ್ನೂ ಇದೇ ಸಾಲಿಗೆ ಸೇರಿಸಬೇಕು. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಆದೇಶಿಸಿತು. ಬಳಕೆಯಾಗದೆ ಅವಧಿ ಮುಗಿದ ನಾಲ್ಕು ಸೀಸೆಗಳನ್ನು ಪೋಲೆಂದು ಲೆಕ್ಕಪರಿಶೋಧಕರು ಬರೆಯಬಹುದು. ನನ್ನ ದೃಷ್ಟಿಯಲ್ಲಿ ಅದು ವಿಮಾ ಕಂತು. ಬೆಂಕಿ ಬೀಳಲಿಲ್ಲವೆಂದು ಗಿರಣಿಯ ವಿಮೆಯನ್ನು ಯಾರೂ ನಷ್ಟಕ್ಕೆ ಹಾಕುವುದಿಲ್ಲ. ಗಾಣ, ಕೊಪ್ಪರಿಗೆಗಳ ಓಟವನ್ನು ಸರಿಪಡಿಸುವುದು ಬೇರೆ, ಕೊಪ್ಪರಿಗೆಯನ್ನೇ ಮಾರುವುದು ಬೇರೆ.

ಉಳಿದ ಸಾಮಾನ್ಯ ಸಾಮಗ್ರಿಗಳಿಗೆ ನಮ್ಮ ಕಿರಾಣಿ ವರ್ತಕರ ಕ್ರಮವೇ ಸಾಕು. ಎರಡು ಮೂಟೆ ಬೇಳೆ ಇರುತ್ತದೆ. ಮೊದಲನೆಯದು ಮುಗಿದು ಎರಡನೆಯದರ ಬಾಯಿ ಬಿಚ್ಚಿದ ದಿನವೇ ಮೈಸೂರಿನ ಸಂತೆಪೇಟೆಗೆ ಫೋನು ಹೋಗುತ್ತದೆ. ಜಪಾನೀಯರು ಇದನ್ನು ಕಾನ್‌ಬಾನ್ ಎಂದರು. ಹತ್ತಿ, ಬ್ಯಾಂಡೇಜು, ಸಿರಿಂಜು, ಕೈಗವಸುಗಳನ್ನು ಎರಡು ಪೆಟ್ಟಿಗೆಗಳಲ್ಲಿಟ್ಟು, ಒಂದು ಬರಿದಾದೊಡನೆ ಉಗ್ರಾಣಕ್ಕೆ ಚೀಟಿ ಹೋಗುವಂತೆ ಮಾಡಿದರೆ ದಾದಿಯರ ಅಲೆದಾಟದಲ್ಲಿ ದೊಡ್ಡ ಭಾಗ ತಪ್ಪುತ್ತದೆ.

ಸರ್ಕಾರ ಏನನ್ನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯವಾಗುತ್ತದೆ. 2015ರಲ್ಲಿ ಆರಂಭವಾದ ಕಾಯಕಲ್ಪ ಯೋಜನೆಯಿಂದ ಸರ್ಕಾರಿ ಆಸ್ಪತ್ರೆಗಳ ನಡುವೆ ಶುಚಿತ್ವದ ಸ್ಪರ್ಧೆ ಏರ್ಪಟ್ಟಿತು. 2022ರ ಅಕ್ಟೋಬರಿನಿಂದ ದೇಶದಲ್ಲಿ ಜಾರಿಗೆ ಬಂದ, ಮೊಬೈಲಿನಿಂದ ಕ್ಯೂಆರ್ ಕೋಡ್ ತೆಗೆದು ಚೀಟಿಯ ಸಂಖ್ಯೆ ಪಡೆಯುವ ವ್ಯವಸ್ಥೆ ಕರ್ನಾಟಕದಲ್ಲಿ ವ್ಯಾಪಕವಾಗಿ ಬಳಕೆಯಾಗುತ್ತಿದೆ. ಆದರೆ ಚೀಟಿಯ ಕಿಟಕಿಯಲ್ಲಿ ಕರಗಿದ ಸಾಲು ವೈದ್ಯರ ಬಾಗಿಲಲ್ಲಿ ಮತ್ತೆ ಕಟ್ಟಿಕೊಂಡರೆ ರೋಗಿಗೆ ಬಂದ ಲಾಭವೇನು? ಗಾಣವನ್ನಷ್ಟೇ ವೇಗ ಮಾಡಿದರೆ ಹಾಲು ಹುಳಿಯುತ್ತದೆಂಬುದು ನಮಗೆ ಗೊತ್ತಿರುವ ಸಂಗತಿಯೇ. ಬಾಗಿಲಿನಿಂದ ಔಷಧಿಯ ಕಿಟಕಿಯವರೆಗೆ ಇಡೀ ದಾರಿಯನ್ನು ಒಂದಾಗಿ ನೋಡಬೇಕು.

ಇನ್ನೊಂದು ಎಚ್ಚರಿಕೆಯ ಮಾತು. ಈ ಸುಧಾರಣೆಗಳು ಬಹುಮಟ್ಟಿಗೆ ಸೋಲುವುದು ಗೋಡೆಯ ಮೇಲೆ ಜಪಾನೀ ಪದಗಳ ಫಲಕವನ್ನು ತೂಗುಹಾಕುವುದರೊಂದಿಗೆ. ಫಲಕ ಮಿನುಗುತ್ತಿರುತ್ತದೆ, ಅದರ ಕೆಳಗೆ ಸ್ಟ್ರೆಚರಿನ ಚಕ್ರ ಕಿರುಗುಟ್ಟುತ್ತಿರುತ್ತದೆ. ಕೆಲಸ ಮಾಡುವವರನ್ನು ಕೇಳದೆ ಸಲಹೆಗಾರರು ನಕ್ಷೆ ಬರೆದರೆ, ಇದು ತಮ್ಮ ಕೆಲಸಕ್ಕೆ ಸಂಚಕಾರವೆಂದು ದಾದಿಯರು, ಗುತ್ತಿಗೆ ನೌಕರರು ಶಂಕಿಸುವುದು ತಪ್ಪಲ್ಲ. ಆದ್ದರಿಂದ ಸುಧಾರಣೆಯಿಂದ ಯಾರ ಕೆಲಸವೂ ಹೋಗುವುದಿಲ್ಲವೆಂಬ ಮಾತನ್ನು ಆಡಳಿತ ಮೊದಲೇ ಲಿಖಿತವಾಗಿ ಕೊಡಬೇಕು. ಎಲ್ಲಿ ತಡವಾಗುತ್ತಿದೆಯೆಂಬುದು ಚೀಟಿ ಬರೆಯುವ ಗುಮಾಸ್ತರಿಗೂ ವಾರ್ಡಿನ ಆಯಾಗಳಿಗೂ ಮೇಲಧಿಕಾರಿಗಳಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಕೇಳುವ ಪದ್ಧತಿ ಇಲ್ಲ, ಅಷ್ಟೆ.

ಇನ್ನು ನಮ್ಮ ಪಾಲಿನ ಕೆಲಸ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾರ್ವಜನಿಕ ಪ್ರತಿನಿಧಿಗಳನ್ನೊಳಗೊಂಡ ಆರೋಗ್ಯ ರಕ್ಷಾ ಸಮಿತಿಗಳಿವೆ. ವರ್ತಕರು ಈ ಸಮಿತಿಗಳನ್ನು ನೆನೆಯುವುದು ದೇಣಿಗೆ ಕೇಳಿ ಬಂದಾಗ. ಹಾಸಿಗೆ, ಕುರ್ಚಿ, ನೀರಿನ ಯಂತ್ರ ಕೊಟ್ಟು, ಅದರ ಮೇಲೆ ಹೆಸರು ಬರೆಸಿ, ಫೋಟೋ ತೆಗೆಸಿಕೊಂಡು ಬರುತ್ತೇವೆ. ಕಾಯುವವರಿಗೆ ಕುರ್ಚಿ ಕೊಡುವುದು ಒಳ್ಳೆಯದೇ, ಕಾಯುವುದನ್ನೇ ಕಡಿಮೆ ಮಾಡುವ ವಿದ್ಯೆ ಇರುವವರು ಅಷ್ಟಕ್ಕೇ ನಿಲ್ಲಬೇಕಾಗಿಲ್ಲ. ಸರಕು ಎಲ್ಲಿ ನಿಂತಿದೆ, ಲಾರಿ ಏಕೆ ತಡವಾಯಿತು, ಯಂತ್ರ ಎಷ್ಟು ಹೊತ್ತು ಬರಿದೆ ತಿರುಗಿತು ಎಂದು ದಿನವೂ ಕಣ್ಣಿಟ್ಟು ನೋಡುವವರು ನಾವು. ಈ ಕಣ್ಣನ್ನು ಆಸ್ಪತ್ರೆಗೆ ಕೊಡಬಹುದು.

ನನ್ನ ಸಲಹೆ ಬಹಳ ಸಣ್ಣದು. ಸರ್. ಎಂ. ವಿಶ್ವೇಶ್ವರಯ್ಯನವರು 1916ರಲ್ಲಿ ಮೈಸೂರು ವಾಣಿಜ್ಯ ಸಂಸ್ಥೆಯನ್ನು ಕಟ್ಟಿದಂದಿನಿಂದ ಅಂಕಿ ಅಂಶಗಳನ್ನು ಸಂಗ್ರಹಿಸಿ ಸರ್ಕಾರದ ಮುಂದಿಡುವುದು ಇಂತಹ ಸಂಸ್ಥೆಗಳ ಕರ್ತವ್ಯಗಳಲ್ಲೊಂದಾಗಿ ಬಂದಿದೆ. ಅದನ್ನೇ ಇಲ್ಲಿಯೂ ಮಾಡೋಣ. ನಾಲ್ಕು ತಾಲ್ಲೂಕುಗಳಲ್ಲಿ ಮೊದಲು ಕೃಷ್ಣರಾಜಪೇಟೆಯನ್ನು ಆರಿಸಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಶ್ರೀರಂಗಪಟ್ಟಣದವರಿಗೆ ಹದಿನೈದು ಕಿಲೋಮೀಟರಿನಲ್ಲಿ ಮೈಸೂರಿದೆ. ಪಾಂಡವಪುರದವರಿಗೂ ಅದು ತೀರ ದೂರವಲ್ಲ. ನಾಗಮಂಗಲ ತಾಲ್ಲೂಕಿನಲ್ಲಿಯೇ ಬೆಳ್ಳೂರು ಕ್ರಾಸಿನ ಬಳಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ಮಹಾವಿದ್ಯಾಲಯವಿದೆ. ಕೃಷ್ಣರಾಜಪೇಟೆಯ ಹಳ್ಳಿಗಳವರಿಗೆ ಮಂಡ್ಯವೂ ದೂರ, ಮೈಸೂರೂ ದೂರ. ಅಲ್ಲಿ ಕಳೆದುಹೋದ ಒಂದು ದಿನದ ಬೆಲೆ ಹೆಚ್ಚು.

ಆಡಳಿತ ವೈದ್ಯಾಧಿಕಾರಿಗಳ ಅನುಮತಿ ಪಡೆದು, ನಮ್ಮ ಸದಸ್ಯರಲ್ಲಿ ಇಬ್ಬರು, ಆಸ್ಪತ್ರೆಯ ಸಿಬ್ಬಂದಿಯಲ್ಲಿ ಇಬ್ಬರು ಸೇರಿ ಒಂದು ತಿಂಗಳ ಕಾಲ ವಾರಕ್ಕೆರಡು ಬೆಳಗ್ಗೆ ನೋಟ್‌ಬುಕ್ಕು, ಗಡಿಯಾರ ಹಿಡಿದು ನಿಲ್ಲಲಿ. ರೋಗಿಯ ಹೆಸರೂ ಬೇಡ, ಕಾಯಿಲೆಯೂ ಬೇಡ. ಒಳಗೆ ಬಂದ ವೇಳೆ, ಚೀಟಿಯ ವೇಳೆ, ವೈದ್ಯರನ್ನು ಕಂಡ ವೇಳೆ, ವರದಿ ಕೈಗೆ ಬಂದ ವೇಳೆ, ಔಷಧಿ ಪಡೆದು ಹೊರಬಿದ್ದ ವೇಳೆ, ಈ ಐದನ್ನು ಬರೆದರೆ ಸಾಕು. ಅದರ ಜೊತೆಗೆ ಮತ್ತೆ ನಾಳೆ ಬರಬೇಕಾಯಿತೆ ಎಂಬ ಒಂದು ಪ್ರಶ್ನೆ. ತಿಂಗಳ ಕೊನೆಗೆ ಆ ಪುಟಗಳನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿಟ್ಟು, ಅತಿ ಹೆಚ್ಚು ತಡವಾಗುವ ಒಂದೇ ಒಂದು ಜಾಗವನ್ನು ಎಲ್ಲರೂ ಕೂಡಿ ಸರಿಪಡಿಸಿ, ಇನ್ನೊಂದು ತಿಂಗಳು ಮತ್ತೆ ಅಳೆಯೋಣ. ಚೀಟಿ ಅಚ್ಚು ಹಾಕಿಸುವ, ಎರಡು ಪೆಟ್ಟಿಗೆ ಕೊಡಿಸುವ, ದಾರಿ ತೋರಿಸುವ ಫಲಕ ಬರೆಸುವ ಖರ್ಚು ಬಂದರೆ ಅದನ್ನು ನಮ್ಮ ಸಂಸ್ಥೆಯೇ ವಹಿಸಿಕೊಳ್ಳಲಿ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯವನ್ನು ಮಂಡಿಸುವಂತೆ ಅಧ್ಯಕ್ಷರನ್ನು ಕೋರಿದ್ದೇನೆ. ಬೆಳಗ್ಗೆ ನಿಲ್ಲಲು ಸಿದ್ಧರಿರುವ ಸದಸ್ಯರು ಅದಕ್ಕೆ ಮೊದಲೇ ಕಾರ್ಯದರ್ಶಿಗಳಿಗೆ ತಮ್ಮ ಹೆಸರನ್ನು ತಿಳಿಸಬೇಕು.